ಕೊನೆಯ ಭಾನುವಾರದ ಮೇಕೆಮರಿ

ಟೀವಿಯ ಬೊಂಬೆಚಿತ್ರದ ಹುಡುಗಿಗೆ ಗುಡ್ಡದಲ್ಲಿ ಕಳೆದುಹೋದ ಮೇಕೆಮರಿ ಸಿಕ್ಕಿತೋ ಇಲ್ಲವೋ ಗೊತ್ತಾಗುವ ಮೊದಲೇ ನಮ್ಮ ಬಂಗಾರಪೇಟೆಯ ಕರೆಂಟು ಹೋಯಿತು. ಅದು ಆ ಧಾರಾವಾಹಿಯ ಕೊನೆಯ ಭಾನುವಾರ. ಪಕ್ಕದ ಮನೆಯ ಕಪ್ಪುಬಿಳುಪು ಟೀವಿಯ ಮುಂದೆ ಕೂತಿದ್ದ ನನ್ನ ಮಗಳಿಗೆ ಆಗ ಒಂಬತ್ತು ವರ್ಷ. ಕರೆಂಟು ಬಂದು ಬೇರೇನೋ ಕಾರ್ಯಕ್ರಮ ಶುರುವಾದರೂ ಅವಳು ಏಳಲಿಲ್ಲ.

ಆ ವಾರವೆಲ್ಲ ಅವಳು ನಿಂತಲ್ಲಿ ನಿಲ್ಲಲಿಲ್ಲ. ಮುದ್ದೆ ತಟ್ಟೆಯಲ್ಲೇ ಆರಿತು. ಒಂದು ಜಡೆ ಹೆಣೆಯುವಷ್ಟರಲ್ಲಿ ಮೂರು ಸಲ ಎದ್ದುಹೋದಳು. ಶಾಲೆಯಲ್ಲಿ ಕೇಳಿದರೆ ಎಲ್ಲರ ಮನೆಯಲ್ಲೂ ಅದೇ ಹೊತ್ತಿಗೆ ಕರೆಂಟಿಲ್ಲ. ಶುಕ್ರವಾರ ಬಂದು, "ಅಮ್ಮಾ, ಆ ಗುಡ್ಡ ನಂಗೊತ್ತು. ಕೋರಮಂಡಲ್‌ನಾಗೆ ಐತೆ. ಓಗಿ ನೋಡಾಣ" ಅಂದಳು.

ಚಿನ್ನ ತೆಗೆದು ಉಳಿದ ಮಣ್ಣನ್ನು ಗಣಿಯವರು ಸುರಿದೂ ಸುರಿದೂ ಎದ್ದಿದ್ದ ಬೋಳು ದಿಬ್ಬ ಅದು. ಟೀವಿಯ ಗುಡ್ಡವೂ ಹಾಗೇ ಬೋಳು, ಬೂದುಬಣ್ಣ.

"ಲೇ, ಅದು ಯಾವ ದೇಶದಾಗೋ ಕೂತು ಬರೆದ ಚಿತ್ರ ಕಣೇ."

"ಇದನ್ನ ನೋಡ್ಕೊಂಡೇ ಬರೆದವ್ರೆ."

ಭಾನುವಾರ ಚಿತ್ರಾನ್ನ ಕಟ್ಟಿಕೊಂಡು ಹೊರಟೆವು. ಟೀವಿ ಮನೆಯಾಕೆ ಬಾಗಿಲಲ್ಲೇ ನಿಂತಿದ್ದಳು. "ಏನಕ್ಕಾ, ಬೊಂಬೆ ಮನೆಗೆ ಎಣ್ಣು ಕೇಳಕ್ಕೆ ಓಗ್ತಿದ್ದೀಯಾ? ಎಲೆಅಡಿಕೆ ತಕೊಂಡ್ಯಾ?" ನಗುವೂ ಬಂತು, ನಾಚಿಕೆಯೂ ಆಯಿತು, ಬೇಗ ಬೇಗ ಹೆಜ್ಜೆ ಹಾಕಿದೆ. ಮಾರಿಕುಪ್ಪಂ ರೈಲಿನಲ್ಲಿ ಮಗಳು ಕೂರಲೇ ಇಲ್ಲ, ಈ ಕಿಟಕಿಯಿಂದ ಆ ಕಿಟಕಿಗೆ ಓಡಾಡಿದಳು.

ದಿಬ್ಬದ ಬುಡದಲ್ಲಿ ಇವಳ ವಯಸ್ಸಿನದೇ ಒಂದು ಹುಡುಗಿ ಪುಳ್ಳೆ ಆಯುತ್ತಿತ್ತು. ನನ್ನ ಮಗಳು ಹೆಸರೂ ಕೇಳದೆ, "ಓದ್ ಭಾನುವಾರ ಟೀವಿ ನೋಡ್ದ್ಯಾ? ಮರಿ ಸಿಕ್ತಾ?" ಅಂದುಬಿಟ್ಟಳು. ಗಣಿ ಕೆಲಸಗಾರರ ಲೈನ್ ಮನೆಗಳಲ್ಲಿ ನಮ್ಮ ಹಾಗೆ ಕರೆಂಟು ಹೋಗುವುದಿಲ್ಲ ಅನ್ನುವುದು ನನಗೆ ಆಗ ಹೊಳೆಯಿತು.

ಆ ಹುಡುಗಿ ಯಾವ ಮರಿ ಅಂತ ಕೇಳಲಿಲ್ಲ. "ಕೆಡಚ್ಚಿಡ್ಚು!" ಎಂದು ತಮಿಳಿನಲ್ಲಿ ಕೂಗಿ, ಆಮೇಲೆ ಕನ್ನಡಕ್ಕೆ ಬಂದು, "ಸಿಕ್ತು. ಅಗೋ, ಆ ಪೊದೆ ಹಿಂದೆ. ಮಾರನೇ ದಿನಾನೇ ನಾನು ಬಂದು ನೋಡ್ದೆ" ಎಂದು ಕೈ ತೋರಿಸಿತು. ನಾನು ಬಾಯಿ ತೆರೆಯುವಷ್ಟರಲ್ಲಿ ಇಬ್ಬರೂ ಅತ್ತ ಓಡಿದ್ದರು.

ಮಗಳು ಪೊದೆಯ ಹಿಂದೆ ಕುಕ್ಕರಗಾಲಲ್ಲಿ ಕೂತಳು. ನೆಲ ಮುಟ್ಟಿ ನೋಡಿದಳು. ತುಂಬ ಹೊತ್ತಾದ ಮೇಲೆ ಎದ್ದು ಬಂದು, "ಅಮ್ಮಾ, ಅಸಿವು" ಅಂದಳು. ವಾರದಿಂದ ಆ ಮಾತು ಕೇಳಿರಲಿಲ್ಲ. ಮೂವರೂ ಅಲ್ಲೇ ಚಿತ್ರಾನ್ನ ತಿಂದೆವು.

ವಾಪಸು ಬರುವಾಗ ಅವಳು ನನ್ನ ತೊಡೆಯ ಮೇಲೆ ನಿದ್ದೆಹೋದಳು. ನಾನು ಮಾತ್ರ ಕಿಟಕಿಯಿಂದ ಕತ್ತು ತೆಗೆಯಲಿಲ್ಲ. ದಿಬ್ಬ ಮರೆಯಾಗುವವರೆಗೂ ಆ ಪೊದೆ ಎಲ್ಲಿ, ಎಲ್ಲಿ ಅಂತ ಹುಡುಕುತ್ತಲೇ ಇದ್ದೆ.