ಮಾಳವ್ವಾಯಿಯ ದಡ್ಡಿ ಅಗೆದ ದಿನ

ಏಳೆಂಟು ವರ್ಷಗಳ ಹಿಂದಿನ ಮಾತು. ಎಳ್ಳಮಾವಾಸ್ಯೆ ಮುಗಿದು ನಾಲ್ಕು ದಿನವಾಗಿತ್ತು. ಕೃಷಿ ಡಿಪ್ಲೊಮಾ ಮುಗಿಸಿದ್ದ ನನಗೆ ಮಣ್ಣಿನ ಸಮೀಕ್ಷೆಯಲ್ಲಿ ತಾತ್ಕಾಲಿಕ ಕೆಲಸ ಸಿಕ್ಕಿ ಎರಡು ತಿಂಗಳಾಗಿತ್ತು ಅಷ್ಟೇ. ಗುಂಡಿ ತೋಡಿಸಿ, ಮಣ್ಣು ಎಷ್ಟು ಆಳವಿದೆ, ಅದರಲ್ಲಿ ಮರಳೆಷ್ಟು, ಕಲ್ಲೆಷ್ಟು ಎಂದು ನೋಡಿ ಫಾರಂ ತುಂಬುವುದು ನನ್ನ ಕೆಲಸ. ಆ ವಾರ ಆಳಂದ ತಾಲ್ಲೂಕಿನ ಸರಸಂಬಾ ಕಡೆಯ ಒಂದು ಗಾಯರಾಣ ನನ್ನ ಪಾಲಿಗೆ ಬಂದಿತ್ತು. ಗಾಯರಾಣವೆಂದರೆ ಊರಿನ ದನ, ಕುರಿ ಮೇಯಲು ಬಿಟ್ಟ ಸರಕಾರಿ ಜಾಗ.

ನಾನು ಜೇವರ್ಗಿ ಕಡೆಯವಳು. ನಮ್ಮದು ಎರಿ ಭೂಮಿ, ಆಳುದ್ದ ಅಗೆದರೂ ಕರಿ ಮಣ್ಣೇ. ಆ ಮಣ್ಣಿನ ಬಗ್ಗೆ ನಮ್ಮವರಿಗೆ ಒಂದು ಸೊಕ್ಕು ಇರುತ್ತದೆ. ನನಗೂ ಇತ್ತು, ಮೇಲೆ ಡಿಪ್ಲೊಮಾ ಬೇರೆ. ಕಲ್ಲು, ಮರಳು, ಒಣಗಿದ ಹುಲ್ಲು ತುಂಬಿದ ಆ ದಿಬ್ಬವನ್ನು ನೋಡಿ, ಇದನ್ನೂ ಭೂಮಿ ಅಂತಾರಲ್ಲ ಎಂದು ಮೂಗು ಮುರಿದಿದ್ದೆ.

ಆ ಗಾಯರಾಣಕ್ಕೆ ಬೇಲಿ ಹಾಕಿ ಹಣ್ಣಿನ ಗಿಡ ಹಚ್ಚುವ ಯೋಜನೆಯೊಂದು ತಯಾರಾಗಿತ್ತು. ಮಣ್ಣು ಎರಡು ಅಡಿಗಿಂತ ಆಳವಿದ್ದರೆ ಗಿಡ, ಇಲ್ಲದಿದ್ದರೆ ಅದು ಹುಲ್ಲುಗಾವಲಾಗಿಯೇ ಉಳಿಯಬೇಕು. ಅದು ತೀರ್ಮಾನವಾಗುವುದು ನನ್ನ ಫಾರಂನಿಂದ. ನಮ್ಮ ಸಾಹೇಬರಿಗೆ ಗಿಡದ ಮೇಲೆ ಆಸೆ, ನನಗೆ ಸಾಹೇಬರಿಂದ ಶಭಾಷ್ ಅನ್ನಿಸಿಕೊಳ್ಳುವ ಆಸೆ.

ಗುಂಡಿ ತೋಡಲು ಜೊತೆಗೆ ಬರುತ್ತಿದ್ದವರು ಮಹಬೂಬ್ ಚಾಚಾ. ಐವತ್ತು ದಾಟಿದ ಮನುಷ್ಯ, ಮಾತು ಕಡಿಮೆ. ಮುಂಜಾನೆ ಏಳಕ್ಕೇ ದಿಬ್ಬ ಹತ್ತಿದೆವು. ಥಂಡಿ ಗಾಳಿಗೆ ನನ್ನ ಕೈ ಮರಗಟ್ಟಿ ಪೆನ್ನು ನಿಲ್ಲುತ್ತಿರಲಿಲ್ಲ. ಚಾಚಾ ಮೊದಲ ಗುಂಡಿಗೆ ಕಬ್ಬಿಣದ ಹಾರೆ ಇಳಿಸಿದರು. ಒಂದು ಗೇಣು ಹೋಗುವಷ್ಟರಲ್ಲಿ ಠಣ್ ಎಂದು ಕಲ್ಲು ತಾಗಿತು. ಎರಡನೆಯದೂ ಹಾಗೇ. ಚಾಚಾರ ರಟ್ಟೆ ಸೋತಿತ್ತು. ಮೂರನೆಯದಕ್ಕೆ ಅವರು ಅಲ್ಲಿ ಇಲ್ಲಿ ಹಾರೆ ಕುಟ್ಟುತ್ತಾ ಹೋಗಿ ಒಂದು ಕಡೆ ನಿಂತರು.

"ಮೇಡಂ, ಇಲ್ಲಿ ಮೆತ್ತಗ ಅದ ನೋಡ್ರಿ. ಇಲ್ಲೇ ತೋಡ್ತೇನಿ."

ನಾನೂ ಬೇಗ ಮುಗಿದರೆ ಸಾಕು ಎಂದು ಹೂಂ ಎಂದೆ. ಹಾರೆ ಬೆಣ್ಣೆಯಲ್ಲಿ ಇಳಿದ ಹಾಗೆ ಇಳಿಯಿತು. ಮೂರು ಅಡಿ ಹೋದರೂ ಕಪ್ಪು, ಸಡಿಲ, ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗುವ ಮಣ್ಣು. ನನಗೆ ಊರಿಗೇ ಹೋದಷ್ಟು ಖುಷಿಯಾಯಿತು. ಮೊದಲೆರಡು ಗುಂಡಿಗಳು ಅಂಚಿನ ಕಲ್ಲಿನ ಮೇಲೆ ಬಿದ್ದಿರಬೇಕು ಎಂದು ನನಗೆ ನಾನೇ ಹೇಳಿಕೊಂಡು, ಸಾಹೇಬರಿಗೆ ಫೋನ್ ಮಾಡಿ ಮೂರು ಅಡಿ ಎಂದೆ. "ಭೇಷ್! ಫಾರಂ ಇವತ್ತೇ ಕಳಿಸು, ನಾಳೆ ಮೀಟಿಂಗ್ ಅದ" ಎಂದರು.

ಅಷ್ಟರಲ್ಲಿ ಹೆಗಲ ಮೇಲೆ ಕಂಬಳಿ ಹೊದ್ದ ಒಬ್ಬ ಮುದುಕಿ ಕುರಿಗಳನ್ನು ಆ ಕಡೆ ಬಿಟ್ಟು ನಮ್ಮ ಹತ್ತಿರ ಬಂದಳು. ಗುಂಡಿಯೊಳಗೆ ಬಗ್ಗಿ ನೋಡಿ ಅಂಚಿನಲ್ಲೇ ಕುಕ್ಕರುಗಾಲಲ್ಲಿ ಕೂತಳು.

"ಯಾಕವ್ವಾ, ನಮ್ಮ ದಡ್ಡಿ ಯಾಕ ಅಗದೀರಿ?"

ದಡ್ಡಿ ಎಂದರೆ ಕುರಿ ಕೂಡುವ ಜಾಗ. ಅಲ್ಲಿ ನನಗೆ ಯಾವ ದಡ್ಡಿಯೂ ಕಂಡಿರಲಿಲ್ಲ. "ಆಯಿ, ಇದು ಗಾಯರಾಣ. ಮಣ್ಣು ನೋಡಲಾಕ ಬಂದೀವಿ" ಎಂದೆ, ಸ್ವಲ್ಪ ಗತ್ತಿನಿಂದಲೇ.

"ಮಣ್ಣು ಎಲ್ಲಿ ಅದ ಇದ್ರಾಗ? ಇದು ನಮ್ಮ ಕುರಿ ಹಿಕ್ಕಿ. ನಮ್ಮತ್ತಿ ಕಾಲದಾಗ ಇಲ್ಲಿ ಗರಸು, ಕಲ್ಲು ತಗದು ದಡ್ಡಿಗೆ ಗ್ವಾಡಿ ಕಟ್ಟಿದ್ರು. ಆ ತಗ್ಗಿನಾಗ ನಾ ಮದಿವ್ಯಾಗಿ ಬಂದಾಗಿಂದ ಕುರಿ ಮಲಗ್ಯಾವ. ಗ್ವಾಡಿ ಬಿದ್ದು ಹೋಯ್ತು, ತಗ್ಗು ತುಂಬಿ ನೆಲ ಆತು."

ಅವಳ ಹೆಸರು ಮಾಳವ್ವ. ನನಗೆ ಸಿಟ್ಟು ಬಂತು. ಸುಳ್ಳೆನಿಸಿ ಬಂದ ಸಿಟ್ಟಲ್ಲ, ನಿಜವೆಂದು ಗೊತ್ತಾಗಿ ಬಂದ ಸಿಟ್ಟು. "ನಾ ಇದನ್ನ ಓದೇನಿ ಆಯಿ" ಎಂದುಬಿಟ್ಟೆ. ಈಗ ನೆನೆದರೆ ನನಗೇ ನಾಚಿಕೆಯಾಗುತ್ತದೆ.

ಮಾಳವ್ವಾಯಿ ಬೇಜಾರು ಮಾಡಿಕೊಳ್ಳಲಿಲ್ಲ. "ಓದಿದ್ದು ಚಲೋ ಆತು. ಬಾ, ನಂಜೋಡಿ ನಾಕ್ ಹೆಜ್ಜಿ ಹಾಕು" ಎಂದು ಎದ್ದಳು. ಕೂದಲಿನಂಥ ಕೆಂಪು ಹುಲ್ಲಿದ್ದ ಕಡೆ ನಿಂತು "ಇಲ್ಲಿ ನಾಕ್ ಬೆರಳು" ಎಂದಳು. ಮೊಣಕಾಲುದ್ದದ ಹುಲ್ಲು ತೋರಿಸಿ "ಇಲ್ಲಿ ಒಂದು ಗೇಣು" ಎಂದಳು. ತಂಗಡಿ ಗಿಡದ ಬುಡದಲ್ಲಿ "ಇಲ್ಲಿ ಬಂಡಿಗಲ್ಲು ಒಡದದ, ಬೇರು ಸಂದ್ಯಾಗ ಇಳದಾವ" ಎಂದಳು. ಹೀಗೇ ಇನ್ನೆರಡು ಕಡೆ ಅಳತೆ ಹೇಳಿದಳು. ಚಾಚಾ ಹಿಂದೆಯೇ ಬಂದು ಐದೂ ಕಡೆ ಹಾರೆ ಇಳಿಸಿದರು. ಐದು ಕಡೆಯೂ ಅವಳ ಅಳತೆಯೇ ಸರಿ.

ಆಮೇಲೆ ಅವಳು ಹುಲ್ಲಿನ ಬುಡ ಕೆದರಿ ನನ್ನ ಬೆರಳು ಹಿಡಿದು ಒತ್ತಿದಳು. ರಾತ್ರಿಯ ಇಬ್ಬನಿಗೆ ಮೇಲಿನ ಎರಡು ಬೆರಳು ಮಣ್ಣು ತಣ್ಣಗೆ ಹಸಿಯಾಗಿತ್ತು, ಕೆಳಗೆ ಒಣ ಮರಳು.

"ಬಿಸಲೇರಿದ್ರ ಈ ಹಸಿನೂ ಇರಂಗಿಲ್ಲ. ನೀರು ಹಿಡ್ಯಾಂಗಿಲ್ಲ ಈ ಮಣ್ಣು. ಅದಕ್ಕೇ ನಾವು ಬದುಕೀವಿ" ಎಂದಳು.

ನೀರು ನಿಲ್ಲದಿರುವುದರಿಂದ ಬದುಕುವುದು ಹೇಗೆ? ನನಗೆ ಅರ್ಥವಾಗಲಿಲ್ಲ.

"ಮಳಿಗಾಲದಾಗ ಎರ್ಯಾಗ ಕುರಿ ನಿಂತ್ರ ಗೊರಸು ಕೊಳೀತಾವ. ಎಲ್ಲಾರ ಹೊಲದಾಗ ಬೆಳಿ ಬ್ಯಾರೆ ಇರ್ತದ. ಆ ಮೂರ್ ತಿಂಗಳು ಇದೊಂದೇ ನಮಗ ಒಣ ನೆಲ. ಬೇಲಿ ಬಿದ್ರ ನಾ ಕುರಿ ಮಾರಬೇಕು, ಮತ್ತೇನಿಲ್ಲ."

ಅವಳು ಅದನ್ನು ಅಳುತ್ತಾ ಹೇಳಲಿಲ್ಲ. ಅದೇ ನನ್ನನ್ನು ಹೆಚ್ಚು ತಟ್ಟಿತು. ನನ್ನ ಕೈಯಲ್ಲಿದ್ದ ಫಾರಂನಲ್ಲಿ ಮೂರು ಅಡಿ ಎಂದು ಬರೆದಾಗಿತ್ತು. ಚಾಚಾ ನೆಲ ನೋಡುತ್ತಾ, "ತಪ್ಪು ನಂದೇ ಮೇಡಂ, ಮೆತ್ತಗಿಂದು ನಾನೇ ಹುಡುಕಿದೆ" ಎಂದರು. ಹೂಂ ಎಂದವಳು ನಾನು, ಮೊದಲೆರಡು ಗುಂಡಿಗಳನ್ನು ಮರೆತಂತೆ ನಟಿಸಿದವಳೂ ನಾನೇ.

ಫೋನ್ ಮಾಡಲು ನನಗೆ ಅರ್ಧ ಗಂಟೆ ಬೇಕಾಯಿತು. ತಾತ್ಕಾಲಿಕ ಕೆಲಸ, ನಾಳೆಯಿಂದ ಬರಬೇಡ ಎಂದರೆ ಮುಗಿಯಿತು. "ಸರ್, ತಪ್ಪಾಗಿದೆ. ಹಳೇ ದಡ್ಡಿ ಅಗೆದೀವಿ" ಎಂದೆ. ಸಾಹೇಬರು ಬೈದರು, ಚೆನ್ನಾಗಿಯೇ ಬೈದರು. ಕೊನೆಗೆ, "ಹಂಗಾದ್ರ ಹೊಸಾ ನಾಲ್ಕು ಗುಂಡಿ ತೋಡಿಸು. ಸಂಜಿಗೆ ನಾನೇ ಬಂದು ನೋಡ್ತೇನಿ" ಎಂದು ಫೋನ್ ಇಟ್ಟರು.

ಚಾಚಾ ಒಬ್ಬರಿಂದ ಆಗುವ ಕೆಲಸವಲ್ಲ. ನಾನೂ ಹಾರೆ ಹಿಡಿದೆ. ಎರಡನೇ ಗುಂಡಿಗೇ ಅಂಗೈಯಲ್ಲಿ ಗುಳ್ಳೆ ಎದ್ದವು. ಮಧ್ಯಾಹ್ನ ಮಾಳವ್ವಾಯಿ ಬುತ್ತಿ ಬಿಚ್ಚಿ ಹಬ್ಬದ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ ಮೂವರಿಗೂ ಹಂಚಿದಳು. ಅವಳ ದಡ್ಡಿಯನ್ನೇ ಅಗೆದವರಿಗೆ ಅವಳೇ ಊಟ ಹಾಕಿದಳು. ಆ ಒಣ ರೊಟ್ಟಿಯ ರುಚಿ ಈಗ ಎಲ್ಲಿ ತಿಂದರೂ ಸಿಗುವುದಿಲ್ಲ.

ಸಂಜೆ ಬಂದ ಸಾಹೇಬರು ನಾಲ್ಕೂ ಗುಂಡಿಗಳಲ್ಲಿ ಸ್ಕೇಲ್ ಇಟ್ಟು ನೋಡಿದರು. ಯಾವುದೂ ಗೇಣು ದಾಟಿರಲಿಲ್ಲ. ಫಾರಂ ಇಸಿದುಕೊಂಡು, ಹುಲ್ಲುಗಾವಲಾಗಿಯೇ ಬಿಡುವುದು ಎಂದು ತಾವೇ ಬರೆದರು. ಅವರು ಹೋದ ಮೇಲೆ ಮಾಳವ್ವಾಯಿ ನಮ್ಮನ್ನು ಬಿಡಲಿಲ್ಲ. ದಡ್ಡಿಯ ಗುಂಡಿಯನ್ನು ಮುಚ್ಚಿಸಿ, ಕಾಲಿಂದ ತುಳಿದು ನೋಡಿ, ಆಮೇಲೆಯೇ ಕುರಿ ಹೊಡೆದುಕೊಂಡು ಹೋದಳು.

ಈಗ ನಾನು ಅಫಜಲಪುರ ತಾಲ್ಲೂಕಿನಲ್ಲಿದ್ದೇನೆ. ಕರಜಗಿ ಕಡೆಯ ಕಬ್ಬಿನ ಹೊಲಗಳ ಮಣ್ಣು ನೋಡುತ್ತೇನೆ. ಹಾರೆ ಇಳಿಸುವ ಮೊದಲು ಇಲ್ಲಿ ಹಿಂದೆ ಏನಿತ್ತು ಎಂದು ಯಾರನ್ನಾದರೂ ಕೇಳುತ್ತೇನೆ. ಕೇಳದೆ ಇಳಿಸಲು ಇವತ್ತಿಗೂ ಕೈ ಬರುವುದಿಲ್ಲ.

ಕಳೆದ ಚಳಿಗಾಲ ಆಳಂದಕ್ಕೆ ಹೋದಾಗ ಮನಸ್ಸು ತಡೆಯದೆ ಆ ದಿಬ್ಬ ಹತ್ತಿದೆ. ಬೇಲಿ ಇರಲಿಲ್ಲ. ದಡ್ಡಿಯ ಜಾಗದಲ್ಲಿ ಮಾತ್ರ ಹುಲ್ಲು ಸೊಂಟದುದ್ದ ಬೆಳೆದಿತ್ತು. ಕುರಿಗಳ ನಡುವೆ ಅವಳು ನಿಂತಿದ್ದಳು. ಅದೇ ಕಂಬಳಿ, ಬೆನ್ನು ಇನ್ನಷ್ಟು ಬಾಗಿತ್ತು. ಮಾಳವ್ವಾಯಿ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿ, "ನನ್ನ ದಡ್ಡಿ ಅಗದಾಕಿ ಹೌದಲ್ಲ ನೀ?" ಎಂದಳು. ಹೌದೆಂದು ತಲೆಯಾಡಿಸುತ್ತಾ ಹತ್ತಿರ ಹೋದೆ.

ಅವಳು ಕೋಲಿನಿಂದ ಕಾಲ ಬಳಿಯ ಹುಲ್ಲು ತೋರಿಸಿದಳು. "ಹೇಳು ನೋಡೂನು, ಇಲ್ಲಿ ಎಷ್ಟದ?"

ಬಗ್ಗಿ, ಹುಲ್ಲು ಸವರಿ, ಬಹಳ ಯೋಚಿಸಿ "ಒಂದು ಗೇಣು" ಎಂದೆ.

ಮಾಳವ್ವಾಯಿ ಕೋಲು ಊರಿದಳು. ನಾಲ್ಕೇ ಬೆರಳಿಗೆ ಕಲ್ಲು ತಾಗಿತು.

"ಇನ್ನೂ ಕಲೀಬೇಕು ನೀ" ಎಂದು ನಕ್ಕು, ಬುತ್ತಿಯ ಗಂಟು ಬಿಚ್ಚುತ್ತಾ ಪಕ್ಕದಲ್ಲಿ ಕೂರಲು ಜಾಗ ಮಾಡಿಕೊಟ್ಟಳು.