ಸೈಕಲ್ ಮೇಲೆ ಉಳವಿ ಹರಕೆ

ನನಗೆ ಮೊದಲು ಹೇಸಿಗೆ ಬಂದದ್ದು ಆ ಕ್ರೀಮು ನೋಡಿ. ಬೆಳಗಿನ ಆರು ಗಂಟೆ. ಧಾರವಾಡದಲ್ಲಿ ಹಳಿಯಾಳ ರಸ್ತೆ ಶುರುವಾಗುವಲ್ಲಿ ಒಂಬತ್ತು ಜನ ಸೈಕಲ್ಲಿನವರು ನಿಂತಿದ್ದರು. ಒಂದು ಬಿಳಿ ಡಬ್ಬಿಯಲ್ಲಿ ಎರಡು ಬೆರಳು ಅದ್ದುವುದು, ಚಡ್ಡಿಯೊಳಗೆ ಕೈ ಹಾಕಿ ತೊಡೆಸಂದಿಗೆ ಹಚ್ಚಿಕೊಳ್ಳುವುದು, ಸಾಲದಿದ್ದರೆ ಅದೇ ಬೆರಳನ್ನು ಮತ್ತೆ ಅದ್ದಿ ಡಬ್ಬಿಯನ್ನು ಪಕ್ಕದವರಿಗೆ ಕೊಡುವುದು. ಚರ್ಮ ಸವೆಯಬಾರದಂತೆ. ಅದೇ ಕೈಯನ್ನು ಚಾಚಿಕೊಂಡು ಅವರ ಕ್ಯಾಪ್ಟನ್ ನನಗೆ ಶೇಕ್‌ಹ್ಯಾಂಡ್ ಕೊಡಲು ಬಂದ. ನಾನು ದೂರದಿಂದಲೇ ಕೈ ಮುಗಿದೆ. "ಸೋ ಸ್ವೀಟ್, ಆಂಟಿ!" ಎಂದ.

ಎಪ್ಪತ್ತೊಂದು ವರ್ಷದ ನನಗೆ ಇಂಥ ಕಂಪನಿ ಯಾಕೆ ಬೇಕಿತ್ತು ಎಂದರೆ, ಹರಕೆಯೊಂದು ಉಳಿದಿತ್ತು. ನನ್ನ ತಮ್ಮನ ಮಗಳು ಆರು ವರ್ಷದವಳಿದ್ದಾಗ ಮೆದುಳು ಜ್ವರ ಬಂದು ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ನಾಲ್ಕು ದಿನ ಕಣ್ಣು ಬಿಟ್ಟಿರಲಿಲ್ಲ. ಕಾನ್ವೆಂಟಿನಲ್ಲಿ ಬೆಳೆದವಳು ನಾನು. ವಾರ್ಡಿನ ಹೊರಗೆ ನಿಂತಾಗ ಬಾಯಿಗೆ ಮೊದಲು ಬಂದದ್ದು ಹೇಲ್ ಮೇರಿ ಪ್ರಾರ್ಥನೆ. ಮೂರು ಸಲ ಹೇಳಿದ ಮೇಲೆ ಉಳವಿಯ ಮನೆದೇವರು ನೆನಪಾಗಿ ನಾಚಿಕೆಯಾಯಿತು. ಹುಡುಗಿ ಎದ್ದು ಕೂತರೆ ಉಳವಿಗೆ ನನ್ನ ಕಾಲಿನಿಂದಲೇ ಬರುತ್ತೇನೆ ಎಂದು ಗೋಡೆಗೆ ಹಣೆ ಹಚ್ಚಿ ಹೇಳಿದೆ. ಐದನೆಯ ದಿನ ಹುಡುಗಿ ಎದ್ದು ಕೂತು ಬ್ರೆಡ್ಡು ಕೇಳಿದಳು.

ಉಳವಿ ಇರುವುದು ಘಟ್ಟದ ಕಾಡಿನೊಳಗೆ. ನಮ್ಮ ಕಡೆಯ ರೈತರು ಜಾತ್ರೆಗೆಂದು ವರ್ಷವರ್ಷವೂ ಬಂಡಿ ಹೂಡಿಕೊಂಡು ಹೋಗುತ್ತಾರೆ, ಹರಕೆಯವರು ಬಂಡಿಯ ಹಿಂದೆ ನಡೆಯುತ್ತಾರೆ. ನಾನು ಮಾತ್ರ ಈ ವರ್ಷ ಶಾಲೆಯ ಪರೀಕ್ಷೆ, ಮುಂದಿನ ವರ್ಷ ಅವ್ವನ ಕಾಯಿಲೆ ಎನ್ನುತ್ತ ಮೂವತ್ತೈದು ವರ್ಷ ದೂಡಿದೆ. ಅಷ್ಟರಲ್ಲಿ ಮೊಣಕಾಲಿನ ಚಿಪ್ಪುಗಳು ಸವೆದವು. ನಡೆಯಬೇಡಿ, ಸೈಕಲ್ ಬೇಕಾದರೆ ತುಳಿಯಿರಿ ಎಂದರು ಡಾಕ್ಟರು.

ಹುಬ್ಬಳ್ಳಿಯ ನವನಗರದಲ್ಲಿರುವ ಆ ಹುಡುಗಿಗೆ ಈಗ ನಲವತ್ತೊಂದು. ಅವಳಿಗೆ ಗ್ರಾವೆಲ್ ಬೈಕಿನ ಹುಚ್ಚು. ಡಾಂಬರು ಬಿಟ್ಟು ಖಡಿ, ಮಣ್ಣು, ಕಾಡುದಾರಿಯಲ್ಲೇ ಓಡಿಸುವ ಸೈಕಲ್ ಅದು. ಡಾಕ್ಟರ ಮಾತು ಕೇಳಿದ್ದೇ ತಡ, ಓಡಿ ಬಂದಳು.

"ಅತ್ತಿ, ಕಾಲಿಂದ ಬರ್ತೇನಿ ಅಂತ ಹೇಳಿದ್ರಿ ಹೌದಿಲ್ಲೋ? ಪೆಡಲ್ ಏನ್ ಕೈಲೆ ತುಳೀತಾರೇನು?"

"ವಕೀಲರ ಹಂಗ ಮಾತಾಡಬ್ಯಾಡ."

"ಮತ್ತ ಜೀವಾ ಉಳದದ್ದು ನಂದು. ನಂಗೂ ಒಂದ್ ಮಾತಿನ ಹಕ್ಕ ಐತಿ."

ಮನಸ್ಸು ಒಪ್ಪಲಿಲ್ಲ. ಮಠದ ಹಿರಿಯ ಅಯ್ಯನವರನ್ನು ಕೇಳಿದೆ. "ಬೆವರು ನಿಮ್ಮದಿದ್ರ ಆತ್ರಿ ತಾಯಿ" ಎಂದರು. ಅಷ್ಟು ಸಾಕಾಯಿತು. ನನಗೊಂದು ಸೈಕಲ್ಲನ್ನು ಅವಳೇ ಬಾಡಿಗೆಗೆ ತಂದಳು. ಎರಡು ತಿಂಗಳು ನಮ್ಮ ಕಾಲೊನಿಯ ಸಪಾಟು ರಸ್ತೆಯಲ್ಲಿ ಪ್ರಾಕ್ಟೀಸ್ ಮಾಡಿ, ನನ್ನ ಮನೆಯ ಗೇಟಿನಿಂದಲೇ ಹತ್ತಿ ಹೊರಟೆ.

ಮೂರು ದಿನದ ದಾರಿ. ಜಾತ್ರೆ ಮುಗಿದು ಎರಡು ವಾರವಾಗಿತ್ತು. ಭಕ್ತರು ಹಿಂದೆ ಬಿಟ್ಟುಹೋದದ್ದನ್ನು ಬರೆಯಲೇ ಬೇಕೆ? ಬಂಡಿದಾರಿಯ ಎರಡೂ ಕಡೆ ಸಾರು ಒಣಗಿದ ಥರ್ಮೊಕೋಲ್ ತಟ್ಟೆಗಳು, ಹಾಲಿನ ಪ್ಯಾಕೆಟ್ಟು, ಮಗುವಿನ ಡೈಪರು. ಹಳ್ಳದ ದಂಡೆಯಲ್ಲಿ ನೀರಿಗೆ ಬೆನ್ನು ಮಾಡಿ ಕೂತೆದ್ದವರ ಸಾಲು ಸಾಲು ಗುರುತು. ಹತ್ತೇ ಹೆಜ್ಜೆ ಕೆಳಗೆ ಅದೇ ನೀರಿನಲ್ಲಿ ಯಾರೋ ವಿಭೂತಿಯ ಪೊಟ್ಟಣ ತೇಲಿಬಿಟ್ಟಿದ್ದರು. ಗುಟ್ಕಾ ಉಗುಳಿದ ಕಲ್ಲಿಗೇ ಕುಂಕುಮ ಹಚ್ಚಿದ್ದರು. ದೇವರ ಹೆಸರಿನಲ್ಲಿ ಹೊರಟವರಿಗೆ ಹಿಂದೆ ಬರುವವರಿಗೂ ಮೂಗು ಇರುತ್ತದೆ ಎಂಬ ನೆನಪಿಲ್ಲ.

ನಮ್ಮವರೇನು ಕಡಿಮೆ? ಗಂಟೆಗೊಮ್ಮೆ ಎನರ್ಜಿ ಜೆಲ್ ಎಂದು ಮೂಗಿನ ಸಿಂಬಳದಂಥ ಒಂದು ಅಂಟನ್ನು ಸಣ್ಣ ಪ್ಯಾಕೆಟ್ಟಿನಿಂದ ಬಾಯಿಗೆ ಹಿಂಡಿಕೊಳ್ಳುತ್ತಿದ್ದರು. "ಛೀ, ಏನ್ ಹೊಲಸ ಮಂದಿ!" ಎಂದು ಭಕ್ತರನ್ನು ಬೈಯುತ್ತ ಕ್ಯಾಪ್ಟನ್ ಖಾಲಿ ಪ್ಯಾಕೆಟ್ಟನ್ನು ಪೊದೆಗೆ ಒಗೆದ. ನಾನು ಇಳಿದು ಅದನ್ನು ಎತ್ತಿ ಅವನ ಬೆನ್ನ ಜೇಬಿಗೆ ಸೇರಿಸಿದೆ. "ಆಂಟಿ ಭಾರೀ ಸ್ಟ್ರಿಕ್ಟ್" ಎಂದು ನಕ್ಕ. ಬಾಯಿ ಒರೆಸಿಕೊಂಡಿರಲಿಲ್ಲ.

ಆದರೆ ಏರು! ಹಳಿಯಾಳ ದಾಟಿ ದಾಂಡೇಲಿಯ ಕಡೆ ಕಾಡು ಶುರುವಾದ ಮೇಲೆ ಏರಿಗೆ ಏರು ಬಂದರೂ ನನ್ನ ಕಾಲು ಸೋಲಲಿಲ್ಲ. ಬೆವರು ಮಾತ್ರ ಧಾರಾಳ ಸುರಿಯುತ್ತಿತ್ತು, ಫೆಬ್ರವರಿಯ ಬಿಸಿಲು. ಸಾಗವಾನಿಯ ಒಣ ಎಲೆ ಟೈರಿನಡಿ ಚರಚರ ಅನ್ನುವಾಗ ಹದಿನಾಲ್ಕರ ನಾನು ನೆನಪಾದೆ: ನೇವಿ ಬ್ಲೂ ಸ್ಕರ್ಟು, ಲೇಡೀಸ್ ಸೈಕಲ್ಲು, ಕಾನ್ವೆಂಟಿನ ಇಳಿಜಾರಿನಲ್ಲಿ ಬ್ರೇಕ್ ಹಿಡಿಯದೆ ಬಂದದ್ದಕ್ಕೆ ಸಿಸ್ಟರ್ ಕೊಟ್ಟ ಪನಿಶ್‌ಮೆಂಟು. ಮೂವತ್ತರವರು ಏದುಸಿರು ಬಿಡುತ್ತ ಹಿಂದೆ ಬೀಳುತ್ತಿದ್ದರು. ಮನಸ್ಸಿನೊಳಗೇ ಅವರನ್ನು ಎಣಿಸಿಕೊಂಡು ಹಿಗ್ಗಿದೆ. ಕ್ಯಾಪ್ಟನ್ ವಿಡಿಯೊ ಮಾಡಿ ಎಲ್ಲ ಕಡೆ ಹಾಕಿದ. ನನ್ನ ಹಳೆಯ ಕ್ಲಾಸ್‌ಮೇಟುಗಳ ವಾಟ್ಸಾಪ್ ಗ್ರೂಪಿನಲ್ಲಿ ಚಪ್ಪಾಳೆಗಳ ಸುರಿಮಳೆ. "ದೇವರ ಗ್ರೇಸ್ ಮತ್ತು ನನ್ನ ಎರಡು ಕಾಲು" ಎಂದು ಉತ್ತರ ಬರೆದೆ. ನನ್ನ ಕೈಯಾರೆ ಬರೆದೆ.

ಮೂರನೆಯ ದಿನ ಗುಂದ ದಾಟಿದ ಮೇಲೆ, ಕೊನೆಯ ದೊಡ್ಡ ಏರಿನ ಬುಡದಲ್ಲಿ ಒಂದು ಚಹಾದಂಗಡಿ. ಕಲಘಟಗಿ ಕಡೆಯಿಂದ ಮದುವೆಯಾಗಿ ಬಂದ ಹೆಂಗಸು ನಡೆಸುತ್ತಾಳೆ. ಸೈಕಲ್ಲುಗಳು ಬಾಗಿಲಿಗೆ ಅಡ್ಡವಾಗಿದ್ದವೆಂದು ಒಂದೊಂದನ್ನೇ ಒಂದು ಕೈಯಲ್ಲಿ ಎತ್ತಿ ಆಚೆ ಇಟ್ಟಳು. ನನ್ನದಕ್ಕೆ ಎರಡು ಕೈ ಹಾಕಿದಳು.

"ಅಕ್ಕಾರ, ಇದೇನ್ರಿ ಇಷ್ಟ ಭಾರ? ಇದರಾಗ ಬ್ಯಾಟರಿ ಐತೇನ್ರಿ?"

"ಇಲ್ಲವಾ, ಇದು ತುಳಿಯೋ ಸೈಕಲ್."

"ಮತ್ತ ಇಲ್ಲೆ ಹಸಿರು ದೀಪ ಹತ್ತೈತಲ್ಲರಿ. ನಮ್ಮವರ ಬ್ಯಾಟರಿ ಗಾಡೀಗೂ ಹಿಂಗ ಹತ್ತತೈತಿ."

ಹ್ಯಾಂಡಲಿನ ಕೆಳಗಿನ ಕೊಳವೆಯ ಮೇಲೆ ಶರ್ಟಿನ ಗುಂಡಿಯಷ್ಟು ದೀಪ. ಚೈನಿಗೆ ಎಣ್ಣೆ ಬಿಟ್ಟದ್ದು ತೋರಿಸುವ ಇಂಡಿಕೇಟರ್ ಎಂದು ತಮ್ಮನ ಮಗಳು ನನಗೆ ಹೇಳಿದ್ದಳು. ನಾನು ಅವಳ ಮುಖ ನೋಡಿದೆ. ಅವಳು ಚಹಾದ ಲೋಟ ನೋಡಿದಳು. ರಾತ್ರಿ ಕಳುವಾಗುತ್ತದೆಂದು ನನ್ನ ಸೈಕಲ್ಲನ್ನು ಮಾತ್ರ ಅವಳು ಲಾಡ್ಜಿನ ತನ್ನ ರೂಮಿಗೆ ಒಯ್ಯುತ್ತಿದ್ದುದು ಯಾಕೆಂದು ಆಗ ತಿಳಿಯಿತು. ಚಾರ್ಜಿಗೆ.

"ಯಾವಾಗಿಂದ?"

"ಅತ್ತಿ, ಮೊದಲ ಚಹಾ ಕುಡೀರಿ."

"ಯಾವಾಗಿಂದ ಹಚ್ಚೀದಿ?"

"ಗೇಟಿನಿಂದ" ಎಂದಳು. "ಅಸಿಸ್ಟ್ ಅಷ್ಟ ಅತ್ತಿ. ನೀವು ತುಳದ್ರ ಅದು ತಳ್ಳತೈತಿ. ನಿಮ್ಮ ಮೊಣಕಾಲಿಗೆ ಏನಾರ ಆದ್ರ ಅಪ್ಪ ನನ್ನ ಬಿಡ್ತಾನೇನು?"

ಕ್ಯಾಪ್ಟನ್ ನಡುವೆ ಬಾಯಿ ಹಾಕಿದ. "ಆಂಟಿ, ಯಾರಿಗೂ ಗೊತ್ತಾಗೂದಿಲ್ಲ. ಬರೇ ಹದಿನಾಕು ಕಿಲೋಮೀಟರ್ ಉಳದೈತಿ. ಗುಡಿ ಮುಂದ ಫೋಟೊಕ್ಕ ಬ್ಯಾನರ್ ಸುದ್ದಾ ಮಾಡಿಸೇವಿ."

ಹೇಸಿಗೆ ಎಂದರೆ ಏನೆಂದು ಹಳ್ಳದ ದಂಡೆಯಲ್ಲಿ ಗೊತ್ತಾಗಿತ್ತು ಅಂದುಕೊಂಡಿದ್ದೆ. ಇದು ಬೇರೆ ಥರದ್ದು. ಅವಳ ಮೇಲಲ್ಲ, ಅವಳು ಹೆದರಿ ಮಾಡಿದ್ದಳು. ಏರಿನಲ್ಲಿ ಹಿಂದೆ ಬಿದ್ದವರನ್ನು ಎಣಿಸಿಕೊಂಡವಳು ನಾನಲ್ಲವೆ? ಸವೆದ ಮೊಣಕಾಲು ಒಮ್ಮೆಯೂ ನೋಯದಿದ್ದಾಗ ನೋವು ಎಲ್ಲಿ ಹೋಯಿತೆಂದು ಒಂದು ಸಲವಾದರೂ ಕೇಳಬೇಕಿತ್ತು. ಕೇಳಲಿಲ್ಲ, ಚೆನ್ನಾಗಿತ್ತಲ್ಲ.

"ನನ್ನ ಸಲುವಾಗಿ ಹೊತ್ತ ಹರಕಿ ಅತ್ತಿ," ಅವಳ ದನಿ ಸಣ್ಣದಾಗಿತ್ತು. "ನಾನ ಬಿಟ್ಟೇನಿ ಅಂದ್ರ ಮುಗೀತಲ್ಲ."

"ನಿನ್ನ ಮುಂದ ಹೊತ್ತಿದ್ದಿಲ್ಲವಾ, ದೇವರ ಮುಂದ."

ಚಹಾದ ಹೆಂಗಸಿಗೆ ನಮ್ಮ ಜಗಳವೆಲ್ಲ ಅರ್ಥವಾಗಿತ್ತು. "ಜಾತ್ರಿ ಬಂಡಿ ಕೆಟ್ರ ಕೆಟ್ಟಲ್ಲೆ ರಿಪೇರಿ ಮಾಡ್ತಾರ್ರಿ, ಅಲ್ಲಿಂದ ಮತ್ತ ಹೂಡ್ತಾರ್ರಿ. ಬ್ಯಾಟರಿ ಬಂದ್ ಮಾಡಿ ಹೋಗ್ರಿ ಅಕ್ಕಾರ, ಉಳವಿ ಅಪ್ಪ ಏನ್ ಅಂತಾನ?"

ಒಳ್ಳೆಯ ಮಾತು. ಆದರೆ ನನ್ನ ಬಂಡಿ ಗೇಟಿನಲ್ಲೇ ಕೆಟ್ಟಿತ್ತು.

ಆದರೂ ಮೋಟಾರ್ ಬಂದ್ ಮಾಡಿಸಿ ಹತ್ತಿದೆ. ನನ್ನ ಕಾಲು ನಿಜವಾಗಿ ಎಷ್ಟಿದೆ ಎಂದು ತಿಳಿಯಬೇಕಿತ್ತು. ಸೈಕಲ್ ಹೆಣದ ಹಾಗೆ ಭಾರವಾಯಿತು. ಮೊದಲ ತಿರುವಿನಲ್ಲಿ ಇಳಿದು ತಳ್ಳಿದೆ. ಎರಡನೆಯ ತಿರುವಿನಲ್ಲಿ ಬಲ ಮೊಣಕಾಲು ಸರಿಯಿತು. ಥರ್ಮೊಕೋಲ್ ತಟ್ಟೆಗಳ ನಡುವೆ ಜಾಗ ಮಾಡಿಕೊಂಡು ಕೂತೆ. ಅಷ್ಟೇ ನನ್ನದು, ಎರಡು ತಿರುವು.

ಅಲ್ಲೇ ಕೂತು ಗ್ರೂಪಿಗೆ ಬರೆದೆ: ಸೈಕಲ್ಲಿಗೆ ಮೋಟಾರ್ ಇತ್ತು, ಏರು ಹತ್ತಿದ್ದು ನಾನಲ್ಲ. ಉತ್ತರಗಳು ಬಂದವು. "ಸೋ ಹಂಬಲ್, ಡಿಯರ್." "ಸೋ ವಾಟ್, ಯು ಆರ್ ಆ್ಯನ್ ಇನ್‌ಸ್ಪಿರೇಶನ್." ಮತ್ತೆ ಚಪ್ಪಾಳೆ, ಈ ಸಲ ಇನ್ನೂ ಜಾಸ್ತಿ. ಫೋನನ್ನು ದುಪಟ್ಟಾದಿಂದ ಒರೆಸಬೇಕು ಅನ್ನಿಸಿತು, ಒರೆಸಿದೆ ಕೂಡ.

ಸಾಮಾನು ಹೊತ್ತು ಹಿಂದೆ ಬರುತ್ತಿದ್ದ ಪಿಕಪ್ ಗಾಡಿಯಲ್ಲಿ ಧಾರವಾಡಕ್ಕೆ ಹೊರಟೆ. ತಾನೂ ಬರುತ್ತೇನೆಂದು ತಮ್ಮನ ಮಗಳು ಹಟ ಹಿಡಿದಳು. ನೀನು ನಿನ್ನ ಕಾಲಿನಿಂದ ಬಂದವಳು, ಹೋಗು ಎಂದು ಕಳಿಸಿದೆ. ನಾನು ಗೆದ್ದೆನೆಂದುಕೊಂಡಿದ್ದ ಏರುಗಳು ಕಿಟಕಿಯಾಚೆ ಒಂದೊಂದಾಗಿ ಇಳಿದುಹೋದವು.

ಹಳಿಯಾಳದ ಹತ್ತಿರ ಬಂದಾಗ ಫೋನು ಬಂತು. ಹಿಂದೆ ಗಂಟೆಯ ಸದ್ದು ಕೇಳುತ್ತಿತ್ತು.

"ಅತ್ತಿ, ಗುಡಿಯಾಗ ಅದೇನಿ. ನಿಮ್ಮ ಹೆಸರೀಲೆ ಕಾಯಿ ಒಡಸ್ಲೇನು?"

"ಒಡಸಬ್ಯಾಡ."

"ಮತ್ತ ದೇವರ ಮುಂದ ಏನಂತ ಹೇಳ್ಲಿ?"

"ಅತ್ತಿ ಬಂದಿಲ್ಲ ಅಂತ ಹೇಳು," ಎಂದೆ. "ಖರೇ ಅದ ಐತಿ."