ಬೀಗ ಹಾಕಿದ ಕಪಾಟಿನೊಳಗಿನ ತಿದ್ದುಪಡಿ

ಕುಲೆ ಕಂಡೆ, ಪ್ರೇತ ಕರೆಯಿತು ಎನ್ನುವವರ ಎದುರು ನಕ್ಕುಬಿಡುವ ಕೆಟ್ಟ ಅಭ್ಯಾಸ ನನಗಿತ್ತು. ಕಾಲೇಜಿನಲ್ಲಿ ಸಿ ಪ್ರೋಗ್ರಾಮಿಂಗ್ ಕಲಿಸುವವಳು ನಾನು. ಯಂತ್ರ ನಾವು ಹೇಳಿದ್ದನ್ನು ಮಾತ್ರ ಮಾಡುತ್ತದೆ, ಉತ್ತರ ತಪ್ಪಿದರೆ ತಪ್ಪು ನಮ್ಮದೇ ಎಂದು ವರ್ಷಕ್ಕೆ ನೂರು ಸಲ ಹೇಳುವ ಬಾಯಿ ಇದು. ಈಗಲೂ ಹೇಳುತ್ತೇನೆ. ಆದರೆ ಹೇಳುವಾಗ ಒಂದು ಸಂಗತಿ ನೆನಪಾಗುತ್ತದೆ.

ಕೆಲವು ವರ್ಷಗಳ ಹಿಂದಿನ ಮಾತು. ಪುತ್ತೂರಿನ ಕಾಲೇಜೊಂದರಲ್ಲಿ ನಾನೂ ಭವ್ಯಳೂ ಅತಿಥಿ ಉಪನ್ಯಾಸಕಿಯರು. ನಾನು ಬೆಟ್ಟಂಪಾಡಿಯಿಂದ ಬಸ್ಸಿನಲ್ಲಿ ಬರುತ್ತಾ ಅಲ್ಲೇ ಏಳು ವರ್ಷ ಸವೆಸಿದವಳು. ಅವಳು ಸುಳ್ಯದ ಕಡೆಯವಳು, ನನಗಿಂತ ಚಿಕ್ಕವಳು, ಬಂದು ಎರಡು ವರ್ಷವೂ ಆಗಿರಲಿಲ್ಲ. ಆ ವರ್ಷ ನಮ್ಮಿಬ್ಬರಲ್ಲಿ ಒಬ್ಬರನ್ನು ಮಾತ್ರ ಖಾಯಂ ಮಾಡುತ್ತಾರೆಂದು ಸುದ್ದಿಯಾಯಿತು. ಮಕ್ಕಳೆಲ್ಲ ಅವಳ ಹಿಂದೆ. ನನ್ನ ಕ್ಲಾಸಿನಲ್ಲಿ ಆಕಳಿಸುವವರು ಅವಳ ಲ್ಯಾಬಿನಲ್ಲಿ ಗಂಟೆ ಹೊಡೆದರೂ ಏಳುತ್ತಿರಲಿಲ್ಲ. ನನಗೆ ಹೊಟ್ಟೆಕಿಚ್ಚು. ಅದಕ್ಕೆ ಬೇರೆ ಚಂದದ ಹೆಸರು ನನ್ನಲ್ಲಿಲ್ಲ. ಅವಳು ಪ್ರೀತಿಯಿಂದ ತಂದುಕೊಡುತ್ತಿದ್ದ ಹಲಸಿನ ಹಪ್ಪಳವೂ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಕಾಲೇಜಿನ ಕ್ರೀಡಾಕೂಟಕ್ಕೆಂದು ಅವಳು ಓಟದ ಸಮಯ ಅಳೆಯುವ ಪ್ರೋಗ್ರಾಮ್ ಬರೆದಳು. ಸೀಟಿ ಊದಿದಾಗ ಒಮ್ಮೆ ಕೀ ಒತ್ತುವುದು, ಟೇಪು ಮುಟ್ಟಿದಾಗ ಇನ್ನೊಮ್ಮೆ. ನಡುವಿನ ಸೆಕೆಂಡು ಪರದೆಯಲ್ಲಿ ಬರಬೇಕು. ಪ್ರಾಂಶುಪಾಲರೇ ನೋಡಲು ಬರುವವರಿದ್ದರು. ನಮ್ಮ ವಿಭಾಗದಲ್ಲಿ ಒಂದು ಪದ್ಧತಿ: ಯಾರೇ ಬರೆಯಲಿ, ಇನ್ನೊಬ್ಬರು ಓದಿ ಸರಿ ಎಂದ ಮೇಲೆಯೇ ಅದನ್ನು ಹೊರಗೆ ತೋರಿಸುವುದು. ಹಿಂದಿನ ದಿನ ಸಂಜೆ ಭವ್ಯ ಲ್ಯಾಬಿನ ಲ್ಯಾಪ್‌ಟಾಪನ್ನು ನನ್ನ ಮುಂದಿಟ್ಟಳು.

“ಅಕ್ಕ, ಒಮ್ಮೆ ನೋಡಿ ಮಾರಾಯ್ರೆ. ಎಂತಾದ್ರೂ ತಪ್ಪುಂಟಾ?”

ತಪ್ಪಿತ್ತು. ಹೊತ್ತು ಅಳೆಯಲು ಅವಳು ‘ಕ್ಲಾಕ್’ ಎಂಬ ಫಂಕ್ಷನ್ ಬಳಸಿದ್ದಳು. ಹೆಸರು ಹಾಗಿದ್ದರೂ ನಮ್ಮ ಲಿನಕ್ಸ್ ಯಂತ್ರಗಳಲ್ಲಿ ಅದು ಗೋಡೆ ಗಡಿಯಾರವಲ್ಲ. ಆ ಪ್ರೋಗ್ರಾಮಿಗಾಗಿ ಯಂತ್ರ ದುಡಿದ ಹೊತ್ತನ್ನಷ್ಟೇ ಎಣಿಸುತ್ತದೆ. ಯಾರೋ ಕೀ ಒತ್ತಲೆಂದು ಸುಮ್ಮನೆ ಕಾದ ಹೊತ್ತು ಅದರ ಲೆಕ್ಕಕ್ಕಿಲ್ಲ. ಅವಳು ಪರೀಕ್ಷಿಸುವಾಗ ಓಟದ ಬದಲು ಕೋಟಿಗಟ್ಟಲೆ ಸಲ ಸುತ್ತುವ ಲೂಪ್ ಇಟ್ಟಿದ್ದಳು. ಆಗ ಯಂತ್ರಕ್ಕೆ ಪುರುಸೊತ್ತೇ ಇಲ್ಲದ್ದರಿಂದ ಉತ್ತರ ಸರಿ ಬಂದಿತ್ತು. ಮೈದಾನದಲ್ಲಿ ಮಾತ್ರ, ಓಡುವವರು ಎಷ್ಟೇ ಹೊತ್ತು ಓಡಲಿ, ಪರದೆಯಲ್ಲಿ ಸೊನ್ನೆಯೇ ಗತಿ.

“ಸರಿ ಉಂಟು,” ಎಂದೆ.

“ಅಬ್ಬ! ನೀವು ನೋಡಿದ ಮೇಲೆ ನಂಗೆ ಹೆದರಿಕೆ ಇಲ್ಲ,” ಎಂದು ಅವಳು ಮನೆಗೆ ಹೊರಟಳು.

ನಾನು ಲ್ಯಾಪ್‌ಟಾಪ್ ಆಫ್ ಮಾಡಿ ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ಬೀಗದಕೈ ಇದ್ದದ್ದು ಒಂದೇ, ಅದು ನನ್ನ ಬ್ಯಾಗಿಗೆ ಹೋಯಿತು. ಮಾಡಿದ್ದುಣ್ಣೋ ಮಹರಾಯ, ತಪ್ಪು ಬರೆದವಳು ಅವಳು, ನನಗೇನು ಎಂದುಕೊಂಡೆ. ಬಸ್ಸಿನುದ್ದಕ್ಕೂ ನಾಳೆ ಎಲ್ಲರೆದುರು ಅವಳ ಮುಖ ಹೇಗಾದೀತು ಎಂದು ಯೋಚಿಸುತ್ತಾ ಹೋದೆ. ನಾಚಿಕೆಯಾಗಲಿಲ್ಲ, ಸುಖವೇ ಆಯಿತು.

ಮರುದಿನ ಬೆಳಿಗ್ಗೆ ಕಪಾಟಿನ ಬೀಗ ನಾನೇ ತೆಗೆದೆ. ಹಾಕಿದ ಹಾಗೇ ಇತ್ತು. ಭವ್ಯ ಲ್ಯಾಪ್‌ಟಾಪ್ ಹಿಡಿದು ಮೈದಾನಕ್ಕೆ ಹೋಗಿ ಪ್ರೋಗ್ರಾಮನ್ನು ಮತ್ತೊಮ್ಮೆ ಕಂಪೈಲ್ ಮಾಡಿ, ಎಂದರೆ ಬರೆದದ್ದನ್ನು ಯಂತ್ರದ ಭಾಷೆಗೆ ಇಳಿಸಿ, ಕೂತಳು. ಪರದೆ ಚೆನ್ನಾಗಿ ಕಾಣಲೆಂದು ನಾನು ಪ್ರಾಂಶುಪಾಲರ ಬದಿಯಲ್ಲೇ ಜಾಗ ಹಿಡಿದೆ. ನೂರು ಮೀಟರ್ ಓಟ. ಸೀಟಿ ಆಯಿತು, ಟೇಪು ಹರಿಯಿತು. ಪರದೆಯಲ್ಲಿ ಹದಿಮೂರು ಸೆಕೆಂಡು, ಮೇಲೆ ಚಿಲ್ಲರೆ. ವ್ಯಾಯಾಮದ ಮೇಷ್ಟ್ರ ಕೈಯ ಸ್ಟಾಪ್‌ವಾಚಿನಲ್ಲೂ ಹೆಚ್ಚುಕಡಿಮೆ ಅಷ್ಟೇ. ನಾನು ಬಗ್ಗಿ ಪರದೆಯನ್ನು ಇನ್ನೊಮ್ಮೆ ಓದಿದೆ.

ಭವ್ಯ ಎದ್ದು ನಿಂತಳು. “ಸರ್, ನಾನು ಬರೆದದ್ದರಲ್ಲಿ ದೊಡ್ಡ ತಪ್ಪಿತ್ತು. ನಿನ್ನೆ ನಾನು ಹೋದ ಮೇಲೆ ಅಕ್ಕ ಕೂತು ಸರಿ ಮಾಡಿಟ್ಟಿದ್ದಾರೆ. ಬೆಳಿಗ್ಗೆ ಫೈಲ್ ತೆರೆದಾಗಲೇ ನಂಗೆ ಗೊತ್ತಾದದ್ದು. ಇವ್ರು ಒಂದು ಮಾತು ಹೇಳ್ಲಿಲ್ಲ ನೋಡಿ!”

ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ನಕ್ಕೆ. ಅಲ್ಲಗಳೆಯಬಹುದಿತ್ತು. ಅಲ್ಲಗಳೆಯಲಿಲ್ಲ.

ಮಧ್ಯಾಹ್ನ ಒಬ್ಬಳೇ ಕೂತು ಫೈಲು ತೆರೆದೆ. ‘ಕ್ಲಾಕ್’ ಇದ್ದ ಎರಡೂ ಕಡೆ ನಿಜವಾದ ಹೊತ್ತನ್ನು ಕೇಳುವ ಬೇರೆ ಫಂಕ್ಷನ್ ಬಂದಿತ್ತು. ಸಮಯ ತುಂಬಿಸಿಡುವ ಜಾಗಗಳಿಗೆ ‘ಸುರು’, ‘ಮುಗಿತು’ ಎಂಬ ಹೆಸರು. ಇಂಗ್ಲಿಷ್ ಅಕ್ಷರದಲ್ಲಿ ಹೀಗೆ ಊರಿನ ಮಾತಿನ ಹೆಸರಿಡುವ ಚಾಳಿ ವಿಭಾಗದಲ್ಲಿ ನನಗೊಬ್ಬಳಿಗೇ ಇದ್ದದ್ದು. ತಿದ್ದುಪಡಿ ಉಳಿಸಿದ ಸಮಯ ನೋಡಿದೆ: ಹಿಂದಿನ ಸಂಜೆ ಐದು ಐವತ್ತೆರಡು. ಫೋನ್ ತೆಗೆದೆ. ಐದು ಐವತ್ತೆರಡಕ್ಕೆ ನಾನು ಬಸ್ಸಿನಿಂದ ಅಮ್ಮನಿಗೆ ಕರೆ ಮಾಡಿ, ಮೀನು ತರಬೇಕಾ ಎಂದು ಕೇಳುತ್ತಿದ್ದೆ. ಲ್ಯಾಪ್‌ಟಾಪಿನ ಗಡಿಯಾರವೇ ತಪ್ಪಿರಬಹುದೆಂದು ಫೋನಿನ ಜೊತೆ ಹಿಡಿದು ನೋಡಿದೆ. ಒಂದು ನಿಮಿಷವೂ ಹಿಂದೆಮುಂದೆ ಇರಲಿಲ್ಲ.

ಭವ್ಯಳೇ ತಿದ್ದಿ, ಸಮಯವನ್ನೂ ಬದಲಿಸಿ, ನನ್ನ ಹೆಸರು ಹೇಳಿದಳೇ ಎಂದು ಎಷ್ಟೋ ದಿನ ತಲೆ ಕೆಡಿಸಿಕೊಂಡೆ. ಕೈಗೆ ಬರಲಿದ್ದ ಕೆಲಸವನ್ನು ಯಾರಾದರೂ ಹಾಗೆ ದಾಟಿಸುತ್ತಾರೆಯೇ? ಕೊನೆಗೆ ಹುದ್ದೆ ಸಿಕ್ಕಿದ್ದು ನನಗೆ. ಇನ್ನೊಬ್ಬರ ತಪ್ಪನ್ನು ಸದ್ದಿಲ್ಲದೆ ತಿದ್ದುವಂಥವರು ಬೇಕು ಎಂದು ಪ್ರಾಂಶುಪಾಲರು ಸಭೆಯಲ್ಲೇ ಹೇಳಿದರು. ಭವ್ಯ ಕಡಬದ ಕಡೆ ಬೇರೆ ಕಾಲೇಜಿಗೆ ಹೋದಳು.

ಮೊನ್ನೆ ಅವಳ ಫೋನ್ ಬಂದಿತ್ತು. “ಅಕ್ಕ, ಈ ಕ್ಲಾಕಿನ ಪಾಠ ಬಂದಾಗೆಲ್ಲ ಮಕ್ಕಳಿಗೆ ನಿಮ್ಮ ಕತೆ ಹೇಳುದು ನಾನು. ಅಂಥ ಮನಸ್ಸು ಯಾರಿಗುಂಟು ಮಾರಾಯ್ರೆ!”

ನಾನಲ್ಲ ಎನ್ನಲು ಬಾಯಿ ತೆರೆದೆ. “ಅದೆಂತ ದೊಡ್ಡ ವಿಷಯ,” ಎಂದುಬಿಟ್ಟೆ.

ಯಾರು ತಿದ್ದಿದರು ಎಂದು ಇಂದಿಗೂ ನನಗೆ ತಿಳಿದಿಲ್ಲ. ಭವ್ಯಳ ಮೇಲಿನ ಹೊಟ್ಟೆಕಿಚ್ಚು ಎಂದೋ ಆರಿಹೋಯಿತು. ಈಗ ಉರಿಯುವುದು ಅವಳು ಮಕ್ಕಳಿಗೆ ಹೇಳುವ ಆ ಅಕ್ಕನನ್ನು ನೆನೆದರೆ.